ಟವರ್ ಐತಿ, ಫೋಟೊ ಹೋಗವಲ್ದು: ಹಳ್ಳಿ ನೆಟ್‌ವರ್ಕ್ ಗೋಳಿನ ಹಿಂದಿನ ವಿಜ್ಞಾನ ಏನು?

ಗದಗ: ಮೊಬೈಲ್ ಮೇಲೆ ಮೂರು ಕಡ್ಡಿ ತೋರಿಸ್ತದೆ. ಯೂಟ್ಯೂಬ್‌ನಲ್ಲಿ ಹಾಡೂ ಬರ್ತದೆ. ಆದರೆ ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಯ ಫೋಟೊ ಕಳಿಸಲು ಹೋದರೆ ಗುಂಡಗೆ ತಿರುಗುತ್ತಲೇ ಇರ್ತದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆಯ ಹಳ್ಳಿಗಳಲ್ಲಿ ಇದಕ್ಕೆಲ್ಲ ಒಂದೇ ಮಾತು: 'ಟವರ್ ಐತ್ರಿ, ಆದ್ರ ಹೋಗವಲ್ದು.'

ಈ ಮಾತು ತಾಂತ್ರಿಕವಾಗಿಯೂ ನೂರಕ್ಕೆ ನೂರು ಸರಿ. ಬರೋದು ಬೇರೆ, ಹೋಗೋದು ಬೇರೆ. ಟವರ್‌ನಿಂದ ಫೋನ್‌ಗೆ ಬರುವ ದಾರಿಯನ್ನು ಡೌನ್‌ಲಿಂಕ್ ಅಂತಾರೆ. ಫೋನ್‌ನಿಂದ ಟವರ್‌ಗೆ ಹೋಗುವ ದಾರಿ ಅಪ್‌ಲಿಂಕ್. ಹಳ್ಳಿಗಳಲ್ಲಿ ಮೊದಲು ಕೈಕೊಡೋದು ಈ ಎರಡನೇ ದಾರಿ. ಅದನ್ನು ಸರಿಪಡಿಸಲು ಬೆಂಗಳೂರು, ಹೈದರಾಬಾದ್, ಚೆನ್ನೈನ ಸಂಶೋಧಕರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಅವರು ಮಾಡಿದ್ದೇನು, ಅದು ನಮ್ಮ ಊರಿಗೆ ಎಷ್ಟು ಮುಟ್ಟೀತು ಅನ್ನೋದರ ವಿವರ ಇಲ್ಲಿದೆ.

ಹಳ್ಳಿಯಿಂದ ಕೇಳೋದೆಲ್ಲ ಅಪ್‌ಲೋಡೇ

ಮೊದಲು ಒಂದು ವಿಷಯ ಗಮನಿಸಿ. ಪಟ್ಟಣದವರು ಮೊಬೈಲ್ ಬಳಸೋದು ಹೆಚ್ಚಾಗಿ ನೋಡೋಕೆ. ಸಿನಿಮಾ, ರೀಲ್ಸ್, ಕ್ರಿಕೆಟ್ ಎಲ್ಲವೂ ಬರುವ ದಾರಿಯ ಕೆಲಸ. ಹಳ್ಳಿಯವರಿಗೆ ಸರ್ಕಾರಿ ಕೆಲಸಕ್ಕೆ ಬೇಕಾಗೋದು ಕಳಿಸೋ ದಾರಿ. ರೈತ ತನ್ನ ಬೆಳೆಯ ಫೋಟೊ ತೆಗೆದು ಆ್ಯಪ್‌ಗೆ ಏರಿಸಬೇಕು. ಅಂಗನವಾಡಿ ಕಾರ್ಯಕರ್ತೆ ಮಕ್ಕಳ ತೂಕ, ಎತ್ತರ ಪೋಷಣ್ ಟ್ರ್ಯಾಕರ್‌ಗೆ ತುಂಬಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಸರ್ವರ್‌ಗೆ ಹೋಗಬೇಕು. ನರೇಗಾ ಕೆಲಸದಲ್ಲಂತೂ 2023ರ ಜನವರಿ 1ರಿಂದ ಎನ್‌ಎಂಎಂಎಸ್ ಆ್ಯಪ್ ಕಡ್ಡಾಯವಾಯಿತು. ಕೂಲಿಕಾರರ ಹಾಜರಿಯನ್ನು ದಿನಕ್ಕೆ ಎರಡು ಸಲ ಫೋಟೊ ಸಮೇತ ಏರಿಸುವ ವ್ಯವಸ್ಥೆ ಅದು. ಹಾಜರಿ ಬೀಳದಿದ್ದರೆ ಕೂಲಿಗೇ ಕುತ್ತು.

ಅಂದರೆ ಯಾವ ದಾರಿ ಸೊರಗಿದೆಯೋ ಅದೇ ದಾರಿಯ ಮೇಲೆ ಕೂಲಿ, ರೇಷನ್, ಬೆಳೆ ಪರಿಹಾರ ಎಲ್ಲ ನಿಂತಿವೆ.

ಕಡ್ಡಿ ಹೇಳೋದು ಅರ್ಧ ಮಾತ್ರ

ಮೊಬೈಲ್ ಪರದೆ ಮೇಲಿನ ಕಡ್ಡಿಗಳು ಟವರ್ ಕೂಗಿದ್ದು ಫೋನ್‌ಗೆ ಎಷ್ಟು ಕೇಳಿಸಿತು ಅನ್ನೋದನ್ನು ಮಾತ್ರ ತೋರಿಸ್ತವೆ. ಫೋನ್ ಕೂಗಿದ್ದು ಟವರ್‌ಗೆ ಕೇಳಿಸಿತೋ ಇಲ್ಲವೋ ಅನ್ನೋದು ಅದರಲ್ಲಿ ಇರಲ್ಲ.

ಎರಡರ ಶಕ್ತಿಯಲ್ಲಿ ಅಜಗಜಾಂತರ. 4ಜಿ ಟವರ್‌ನ ಒಂದು ಆಂಟೆನಾದಿಂದ ಸಾಮಾನ್ಯವಾಗಿ 20ರಿಂದ 40 ವ್ಯಾಟ್ ಶಕ್ತಿಯ ತರಂಗ ಹೊರಡುತ್ತದೆ. ನಮ್ಮ ಕೈಯಲ್ಲಿರುವ ಫೋನ್ ಹೆಚ್ಚೆಂದರೆ 0.2 ವ್ಯಾಟ್ ಹೊರಡಿಸುತ್ತದೆ. ಟವರ್ 40 ವ್ಯಾಟ್ ಅಂತ ಹಿಡಿದರೆ 200 ಪಟ್ಟು ವ್ಯತ್ಯಾಸ. ಜಾತ್ರೆಯಲ್ಲಿ ಮೈಕ್ ಹಿಡಿದವನ ಮಾತು ಊರ ಹೊರಗಿನ ಹೊಲಕ್ಕೂ ಕೇಳುತ್ತದೆ. ಆ ಹೊಲದಲ್ಲಿ ನಿಂತವನು 'ಓ' ಅಂದದ್ದು ಮೈಕ್‌ನವನಿಗೆ ಕೇಳಲ್ಲ. ಇದೂ ಹಾಗೇ.

ಫೋನ್‌ನ ಶಕ್ತಿ ಹೆಚ್ಚಿಸಿದರೆ ಆಯ್ತಲ್ಲ ಅಂದರೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಕಿವಿ ಹತ್ತಿರ ಹಿಡಿಯುವ ವಸ್ತುವಾದ್ದರಿಂದ ಸುರಕ್ಷತೆಯ ಮಿತಿಯೂ ಇದೆ.

ಹಾಗಿದ್ದರೆ ಯೂಟ್ಯೂಬ್ ಹೇಗೆ ಬರ್ತದೆ? 'ಈ ಹಾಡು ಬೇಕು' ಅಂತ ಫೋನ್ ಕಳಿಸುವ ಸಂದೇಶ ಬಹಳ ಸಣ್ಣದು. ಅದು ಹೇಗೋ ನುಸುಳಿ ಹೋಗ್ತದೆ. ಉಳಿದ ಭಾರ ಎಲ್ಲ ಟವರ್ ಕಡೆಯಿಂದ ಬರೋದು. ಎರಡು-ಮೂರು ಎಂಬಿ ಫೋಟೊ ಕಳಿಸುವಾಗ ಭಾರ ಫೋನ್ ಮೇಲೆ ಬೀಳುತ್ತದೆ. ಅಲ್ಲಿ ಉಸಿರು ಸಾಲಲ್ಲ.

ದೂರ, ತರಂಗ, ಗುಡ್ಡ

ಬಯಲಿನಲ್ಲಿ ಏನೂ ಅಡ್ಡ ಇಲ್ಲದಿದ್ದರೆ, ದೂರ ಎರಡು ಪಟ್ಟಾದಾಗ ತಲುಪುವ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನೆಲ, ಗಿಡಮರ, ಮನೆಗಳ ನಡುವೆ ಹತ್ತನೇ ಒಂದು ಭಾಗಕ್ಕೂ ಇಳಿಯಬಹುದು. ನಮ್ಮ ಎರಿ ಭೂಮಿಯಲ್ಲಿ ಊರು ಒಂದು ಕಡೆ ಗುಂಪಾಗಿರುತ್ತದೆ, ಸುತ್ತ ಕಿಲೋಮೀಟರ್‌ಗಟ್ಟಲೆ ಹೊಲ. ಟವರ್ ಊರಲ್ಲಿ, ಕೆಲಸ ಹೊಲದಲ್ಲಿ.

ಇನ್ನೊಂದು ವಿಷಯ ತರಂಗದ್ದು. 700 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 43 ಸೆಂ.ಮೀ., ಹೆಚ್ಚುಕಡಿಮೆ ಒಂದು ಮೊಳ. ದೇಶದಲ್ಲಿ 5ಜಿಗೆ ಹೆಚ್ಚಾಗಿ ಬಳಸುವ 3.5 ಗಿಗಾಹರ್ಟ್ಸ್ ಆಸುಪಾಸಿನ ತರಂಗದ ಉದ್ದ 8.6 ಸೆಂ.ಮೀ., ಅಂದರೆ ಅಂಗೈ ಅಗಲ. ಉದ್ದ ತರಂಗ ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿ ಆಚೆ ಇಳಿಯುತ್ತದೆ, ಗೋಡೆಯೊಳಗೂ ಚೆನ್ನಾಗಿ ಹೋಗುತ್ತದೆ. ಸಣ್ಣ ತರಂಗಕ್ಕೆ ಅದು ಕಷ್ಟ. ಒಂದೇ ದೂರಕ್ಕೆ, ಸಾದಾ ಆಂಟೆನಾ ಇಟ್ಟುಕೊಂಡು ಲೆಕ್ಕ ಹಾಕಿದರೆ 3.5 ಗಿಗಾಹರ್ಟ್ಸ್‌ನಲ್ಲಿ ತಲುಪುವ ಶಕ್ತಿ 700ರಲ್ಲಿ ತಲುಪುವುದರ 25ನೇ ಒಂದು ಭಾಗ. ಕಪ್ಪತಗುಡ್ಡದಂಥ ಸಾಲು ನಡುವೆ ಬಂದರೆ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ.

ಹಾಗಂತ ಸಣ್ಣ ತರಂಗ ಬೇಡ ಅನ್ನೋ ಹಾಗಿಲ್ಲ. ಅಲ್ಲಿ ಜಾಗ ಜಾಸ್ತಿ ಇರುವುದರಿಂದ ವೇಗ ಸಿಗೋದು ಅಲ್ಲೇ.

ಒಂದು ಕಿವಿ ಸಾಲದು ಅಂದ ಪಾಲ್‌ರಾಜ್

ಫೋನ್‌ನ ದನಿ ಏರಿಸೋಕೆ ಆಗಲ್ಲ ಅಂದಮೇಲೆ ಟವರ್‌ನ ಕಿವಿ ಚುರುಕು ಮಾಡಬೇಕು. ಇಲ್ಲಿ ಬರುವ ದೊಡ್ಡ ಹೆಸರು ಆರೋಗ್ಯಸ್ವಾಮಿ ಪಾಲ್‌ರಾಜ್.

ಅವರು ಭಾರತೀಯ ನೌಕಾಪಡೆಯಲ್ಲಿದ್ದವರು. ಅಪ್ಸೋ ಹೆಸರಿನ ಸೋನಾರ್ ಯಂತ್ರದ ತಂಡವನ್ನು ಮುನ್ನಡೆಸಿದವರು. ಸೋನಾರ್ ಅಂದರೆ ನೀರೊಳಗೆ ಸಾಲಾಗಿ ಹತ್ತಾರು ಕಿವಿ ಇಟ್ಟು, ಶತ್ರು ಜಲಾಂತರ್ಗಾಮಿಯ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಪತ್ತೆ ಹಚ್ಚುವ ವಿದ್ಯೆ. ಬಳಿಕ ಅವರು ಬೆಂಗಳೂರಿಗೆ ಬಂದರು. ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್‌ನ ರಕ್ಷಣಾ ಸಂಶೋಧನಾ ಕೇಂದ್ರ 'ಕೇರ್' ಅನ್ನು 1986ರಲ್ಲಿ ಕಟ್ಟಿದವರು ಅವರೇ. ಬಿಇಎಲ್‌ನ ಸಂಶೋಧನಾ ಪ್ರಯೋಗಾಲಯವನ್ನೂ ನೋಡಿಕೊಂಡರು. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು.

ಅಲ್ಲಿ ಥಾಮಸ್ ಕೈಲಾತ್ ಜತೆ ಸೇರಿ 1992ರಲ್ಲಿ ಒಂದು ಪೇಟೆಂಟ್‌ಗೆ ಅರ್ಜಿ ಹಾಕಿದರು. 1994ರಲ್ಲಿ ಅದು ಸಿಕ್ಕಿತು. ಒಂದೇ ತರಂಗಾಂತರದಲ್ಲಿ, ಒಂದೇ ಸಮಯಕ್ಕೆ, ಬೇರೆ ಬೇರೆ ಆಂಟೆನಾಗಳಿಂದ ಬೇರೆ ಬೇರೆ ಮಾಹಿತಿ ಕಳಿಸೋದು, ಆ ಕಡೆ ಹಲವು ಆಂಟೆನಾ ಇಟ್ಟು ಅದನ್ನು ಬಿಡಿಸಿಕೊಳ್ಳೋದು ಅದರ ತಿರುಳು. ಇದಕ್ಕೇ ಈಗ ಮೈಮೊ ಅಂತಾರೆ.

ಒಂದೇ ತರಂಗದಲ್ಲಿ ಇಬ್ಬರು ಮಾತಾಡಿದರೆ ಕಲಸುಮೇಲೋಗರ ಆಗಲ್ವಾ? ಆಗ್ತದೆ. ಆದರೆ ನಮಗೆ ಎರಡು ಕಿವಿ ಇರೋದರಿಂದ ಎಡಕ್ಕೆ ಕೂತವರ ಮಾತು, ಬಲಕ್ಕೆ ಕೂತವರ ಮಾತು ಬೇರೆ ಮಾಡಿ ಕೇಳ್ತೇವೆ. ತರಂಗ ಗೋಡೆಗೆ, ಗುಡ್ಡಕ್ಕೆ ಬಡಿದು ಹಲವು ದಾರಿಯಲ್ಲಿ ಬರುವುದರಿಂದ ಪ್ರತಿ ಆಂಟೆನಾಗೆ ಸ್ವಲ್ಪ ಬೇರೆ ಬೇರೆಯಾಗಿ ಕೇಳುತ್ತದೆ. ಅದುವರೆಗೆ ಈ ಪ್ರತಿಧ್ವನಿಯನ್ನು ತೊಂದರೆ ಅಂತಲೇ ತಿಳಿದಿದ್ದರು. ಪಾಲ್‌ರಾಜ್ ಅದನ್ನೇ ಆಸ್ತಿ ಮಾಡಿಕೊಂಡರು. ಇವತ್ತಿನ ವೈಫೈ, 4ಜಿ, 5ಜಿ ಎಲ್ಲದರಲ್ಲೂ ಮೈಮೊ ಇದೆ. ಭಾರತ ಸರ್ಕಾರ ಅವರಿಗೆ 2010ರಲ್ಲಿ ಪದ್ಮಭೂಷಣ ಕೊಟ್ಟಿತು. 2014ರಲ್ಲಿ ಮಾರ್ಕೋನಿ ಪ್ರಶಸ್ತಿ ಬಂತು.

ಬೆಂಗಳೂರಲ್ಲಿ ಬಿಡಿಸಿದ ಲೆಕ್ಕ

ಎರಡು ಆಂಟೆನಾ ಚಲೋ ಅಂದಮೇಲೆ ನೂರು ಇಟ್ಟರೆ? ಕೇಳೋಕೆ ಸುಲಭ. ಆದರೆ ಕಲಸಿ ಬಂದದ್ದನ್ನು ಬಿಡಿಸುವ ಲೆಕ್ಕ ಬೆಟ್ಟದಷ್ಟು ಬೆಳೆಯುತ್ತದೆ. ಪ್ರತಿ ಆಂಟೆನಾ ಬರೀ 'ಹೌದು' ಅಥವಾ 'ಇಲ್ಲ' ಕಳಿಸ್ತದೆ ಅಂತ ಇಟ್ಟುಕೊಳ್ಳಿ. 2 ಆಂಟೆನಾ ಇದ್ದರೆ 4 ಸಾಧ್ಯತೆ. 10 ಇದ್ದರೆ 1,024. 20 ಇದ್ದರೆ 10,48,576. 64 ಇದ್ದರೆ 20 ಅಂಕಿಗಳ ಸಂಖ್ಯೆ. ಪ್ರತಿಯೊಂದನ್ನೂ ಪರೀಕ್ಷಿಸುತ್ತಾ ಕೂತರೆ ಯಾವ ಕಂಪ್ಯೂಟರ್‌ಗೂ ಮುಗಿಯದ ಕೆಲಸ. ಟವರ್‌ಗೆ ಸಿಗೋದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಸಮಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ. ಚೊಕ್ಕಲಿಂಗಂ, ಪ್ರೊ. ಬಿ. ಸುಂದರ್ ರಾಜನ್ ಮತ್ತು ಅವರ ವಿದ್ಯಾರ್ಥಿಗಳು ಈ ಗಂಟಿಗೆ ಕೈ ಹಾಕಿದರು. ನೂರಾರು ಆಂಟೆನಾ ಇದ್ದರೂ ಕಡಿಮೆ ಲೆಕ್ಕದಲ್ಲಿ ಬಿಡಿಸುವ ವಿಧಾನವನ್ನು 2008ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು.

ವಿಧಾನ ಹೀಗಿದೆ. ಮೊದಲು ಒಂದು ಅಂದಾಜು ಉತ್ತರ ಬರೆದುಕೊಳ್ಳೋದು. ಅದರಲ್ಲಿ ಒಂದೊಂದೇ 'ಹೌದು'ವನ್ನು 'ಇಲ್ಲ' ಮಾಡಿ ನೋಡೋದು. ಬಂದ ಸಿಗ್ನಲ್‌ಗೆ ಹೊಸ ಉತ್ತರ ಹೆಚ್ಚು ಹೊಂದಿದರೆ ಇಟ್ಟುಕೊಳ್ಳೋದು, ಇಲ್ಲಾಂದ್ರೆ ಬಿಡೋದು. ಇನ್ನು ಯಾವ ಬದಲಾವಣೆಯಿಂದಲೂ ಸುಧಾರಣೆ ಇಲ್ಲ ಅಂದಾಗ ನಿಲ್ಲೋದು. ಮಂಜಿನಲ್ಲಿ ಕಪ್ಪತಗುಡ್ಡ ಹತ್ತಿದ ಹಾಗೆ ಇದು. ತುದಿ ಕಾಣಲ್ಲ, ಆದರೆ ಪ್ರತಿ ಹೆಜ್ಜೆ ಮೇಲಕ್ಕೇ ಇಟ್ಟರೆ ಎತ್ತರಕ್ಕೆ ಹೋಗ್ತೀರಿ.

ಹೀಗೆ ಹತ್ತುವಾಗ ಸಣ್ಣ ದಿಬ್ಬವನ್ನೇ ತುದಿ ಅಂದುಕೊಂಡು ನಿಲ್ಲುವ ಅಪಾಯ ಇದೆ. ಆದರೆ ಅವರಿಗೆ ಕಂಡ ಸ್ವಾರಸ್ಯ ಏನಂದರೆ, ಆಂಟೆನಾ ಸಂಖ್ಯೆ ಹೆಚ್ಚಾದಷ್ಟೂ ಈ ಸರಳ ವಿಧಾನ ಅತ್ಯುತ್ತಮ ಉತ್ತರಕ್ಕೆ ಹತ್ತಿರವಾಗುತ್ತಾ ಹೋಯಿತು. ದೊಡ್ಡದಾದರೆ ಕಷ್ಟ ಅನ್ನೋ ಲೆಕ್ಕ ಇಲ್ಲಿ ತಿರುವುಮುರುವಾಯಿತು.

2010ರಲ್ಲಿ ಬೆಲ್ ಲ್ಯಾಬ್ಸ್‌ನ ಥಾಮಸ್ ಮಾರ್ಜೆಟಾ, ಫೋನ್ ಹಾಗೇ ಇರಲಿ, ಟವರ್ ಮೇಲೆ ಮಾತ್ರ ಆಂಟೆನಾ ಸಂಖ್ಯೆ ಭಾರಿ ಹೆಚ್ಚಿಸಿದರೆ ಏನಾಗುತ್ತದೆ ಅನ್ನೋದನ್ನು ತೋರಿಸುವ ಪ್ರಬಂಧ ಬರೆದರು. 5ಜಿ ದಾರಿ ಅಲ್ಲಿಂದ ಸ್ಪಷ್ಟವಾಯಿತು. ಚೊಕ್ಕಲಿಂಗಂ ಮತ್ತು ರಾಜನ್ ಅವರ 'ಲಾರ್ಜ್ ಮೈಮೊ ಸಿಸ್ಟಮ್ಸ್' ಪುಸ್ತಕವನ್ನು 2014ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರಕಾಶನ ಹೊರತಂದಿತು.

ಹಾಗಂತ ಗದಗ-ಬೆಟಗೇರಿಯ ಟವರ್ ಮೇಲಿನ ಪೆಟ್ಟಿಗೆಯೊಳಗೆ ಐಐಎಸ್‌ಸಿ ವಿಧಾನವೇ ಓಡ್ತಿದೆ ಅಂತ ಅರ್ಥ ಅಲ್ಲ. ಆ ಪೆಟ್ಟಿಗೆ ಮಾಡುವ ಕಂಪನಿಗಳಿಗೆ ತಮ್ಮದೇ ವಿಧಾನಗಳಿವೆ. ಆದರೆ ಅಷ್ಟು ಆಂಟೆನಾ ಇಟ್ಟರೂ ಲೆಕ್ಕ ಬಿಡಿಸಬಹುದು ಅಂತ ಮೊದಮೊದಲು ತೋರಿಸಿಕೊಟ್ಟವರಲ್ಲಿ ಬೆಂಗಳೂರಿನವರೂ ಇದ್ದಾರೆ.

ಪಟ್ಟಣಕ್ಕೆ ಒಗ್ಗಿದ್ದು ಹಳ್ಳಿಗೆ ಒಗ್ಗಲ್ಲ

5ಜಿ ಟವರ್‌ನಲ್ಲಿ ಬಾಗಿಲ ಪಟ್ಟಿಯ ಹಾಗೆ ಚಪ್ಪಟೆ ಪೆಟ್ಟಿಗೆ ಕಾಣುತ್ತದಲ್ಲ, ಅದರೊಳಗೆ ಸಾಮಾನ್ಯವಾಗಿ 32 ಅಥವಾ 64 ರೇಡಿಯೊ ಇರ್ತವೆ. 64 ಕಿವಿಯಲ್ಲಿ ಕೇಳಿದ್ದನ್ನು ಸರಿಯಾಗಿ ಕೂಡಿಸಿದರೆ ಫೋನ್‌ನ ಕ್ಷೀಣ ದನಿ 64 ಪಟ್ಟಿನವರೆಗೂ ಗಟ್ಟಿಯಾಗುತ್ತದೆ. ಹಾಗಾದರೆ ಎಲ್ಲ ಹಳ್ಳಿಗೂ ಇದನ್ನೇ ಹಾಕಬಹುದಲ್ಲ?

ತೊಡಕು ಅಳತೆಯದ್ದು. ಆಂಟೆನಾಗಳ ನಡುವೆ ಸುಮಾರು ಅರ್ಧ ತರಂಗದಷ್ಟು ಅಂತರ ಬೇಕು. 3.5 ಗಿಗಾಹರ್ಟ್ಸ್‌ನಲ್ಲಿ ಅದು 4.3 ಸೆಂ.ಮೀ. ಎಂಟೆಂಟರ ಸಾಲಿನಲ್ಲಿ 64 ಜೋಡಿಸಿದರೂ ಒಂದೂವರೆ ಗೇಣಿನ ಚೌಕ. 700 ಮೆಗಾಹರ್ಟ್ಸ್‌ನಲ್ಲಿ ಅಂತರವೇ ಒಂದು ಗೇಣು. ಎಂಟೆಂಟು ಜೋಡಿಸಿದರೆ 1.7 ಮೀಟರ್ ಉದ್ದ, ಅಷ್ಟೇ ಅಗಲ. ಆ ತೂಕವನ್ನು, ಅದಕ್ಕೆ ಬಡಿಯುವ ಗಾಳಿಯನ್ನು ಟವರ್ ತಡೆಯಬೇಕು. ಗಾಳಿ ಎಂಥದ್ದು ಅಂತ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡಿದವರಿಗೆ ಹೇಳಬೇಕಿಲ್ಲ.

ಹೀಗಾಗಿ ದೂರ ಹೋಗುವ ತರಂಗಕ್ಕೆ ಹೆಚ್ಚು ಕಿವಿ ಜೋಡಿಸೋದು ಕಷ್ಟ. ಹೆಚ್ಚು ಕಿವಿ ಜೋಡಿಸಬಹುದಾದ ತರಂಗ ದೂರ ಹೋಗಲ್ಲ. ಹಳ್ಳಿಗೆ ಬೇರೆ ದಾರಿಯೇ ಬೇಕಾಯಿತು.

ಜಗತ್ತಿನ ನಿಯಮದಲ್ಲಿ 6 ಕಿಲೋಮೀಟರ್

5ಜಿ ಹೇಗಿರಬೇಕು ಅನ್ನೋದನ್ನು ನಿರ್ಧರಿಸೋದು ವಿಶ್ವಸಂಸ್ಥೆಯಡಿಯ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಐಟಿಯು. ಅದರ ಪರೀಕ್ಷೆಯಲ್ಲಿ 'ಗ್ರಾಮೀಣ' ಅಂದರೆ ಟವರ್‌ನಿಂದ ಟವರ್‌ಗೆ 1,732 ಮೀಟರ್ ಅಂತರ, ಜನ ವಾಹನದಲ್ಲಿ ವೇಗವಾಗಿ ಓಡಾಡ್ತಾರೆ ಅನ್ನೋ ಚಿತ್ರ. ಹೊರದೇಶದ ಹೆದ್ದಾರಿ ಬದಿಯ ಹಳ್ಳಿಗೆ ಅದು ಸರಿ. ನಮ್ಮಲ್ಲಿ ಒಂದೂಮುಕ್ಕಾಲು ಕಿಲೋಮೀಟರ್‌ಗೆ ಒಂದು ಟವರ್ ಯಾರು ಹಾಕ್ತಾರೆ?

ಭಾರತದ ದೂರಸಂಪರ್ಕ ಮಾನಕ ಸಂಸ್ಥೆ ಟಿಎಸ್‌ಡಿಎಸ್‌ಐ ಇದನ್ನು ಪ್ರಶ್ನಿಸಿತು. ಭಾರತ್‌ನೆಟ್ ಯೋಜನೆಯಲ್ಲಿ ಫೈಬರ್ ಕೇಬಲ್ ಗ್ರಾಮ ಪಂಚಾಯಿತಿವರೆಗೆ ಬರುತ್ತದೆ. ಟವರ್ ಅಲ್ಲೇ ನಿಂತರೆ ಸುತ್ತಲಿನ ಊರು, ಹೊಲಗಳನ್ನು ಅದೊಂದೇ ಮುಟ್ಟಬೇಕು. ಅಲ್ಲಿನ ಜನ ಹೆಚ್ಚಾಗಿ ನಡೆದಾಡುವವರು. ಹೀಗೆ 'ಕಡಿಮೆ ಓಡಾಟ, ದೊಡ್ಡ ವ್ಯಾಪ್ತಿ' ಅನ್ನುವ ಪರೀಕ್ಷೆಯನ್ನು ಭಾರತ ಮುಂದಿಟ್ಟಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರ ಹಿಡಿದು ಅದನ್ನು ಎಲ್‌ಎಂಎಲ್‌ಸಿ ಅಂತಾರೆ. ಟವರ್ ಅಂತರ 6 ಕಿ.ಮೀ., ತರಂಗ 700 ಮೆಗಾಹರ್ಟ್ಸ್. 2017ರಲ್ಲಿ ಐಟಿಯು ಇದನ್ನು ತನ್ನ 5ಜಿ ಪರೀಕ್ಷೆಗಳಲ್ಲಿ ಸೇರಿಸಿತು. ಮುಂಡರಗಿ ತಾಲ್ಲೂಕಿನ ಊರಿಂದೂರಿಗಿರುವ ದೂರದಂಥ ದೂರ ಜಗತ್ತಿನ ನಿಯಮದೊಳಗೆ ಬಂದಿದ್ದು ಹೀಗೆ.

ನಮ್ಮ ಪರಿಸ್ಥಿತಿಗೆ ತಕ್ಕ ಯಂತ್ರ ನಾವೇ ಮಾಡಿಕೊಳ್ಳೋದು ಈ ಭಾಗಕ್ಕೆ ಹೊಸದೇನಲ್ಲ. ಸಿ-ಡಾಟ್ ಸಂಸ್ಥೆ ಹಳ್ಳಿಗೆಂದೇ ತಯಾರಿಸಿದ 128 ಲೈನಿನ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಶುರುವಾಗಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರ ಜುಲೈನಲ್ಲಿ. ಎ.ಸಿ. ಕೋಣೆ ಇಲ್ಲದೆ, ನಮ್ಮ ಬಿಸಿಲು-ಧೂಳಿನಲ್ಲೇ ನಡೆಯುವ ಯಂತ್ರ ಅದು.

ಕಿರುಚಬೇಡ, ಶ್ರುತಿ ಹಿಡಿದು ಹಾಡು

ಪರೀಕ್ಷೆ ಬರೆಸಿದರೆ ಸಾಲದು, ಪಾಸೂ ಆಗಬೇಕು. ಐಐಟಿ ಹೈದರಾಬಾದ್‌ನ ಪ್ರೊ. ಕಿರಣ್ ಕುಚಿ ಮತ್ತು ತಂಡ, ಐಐಟಿ ಮದ್ರಾಸ್, ಚೆನ್ನೈನ ಸೀವಿಟ್ ಸಂಸ್ಥೆಯವರು ಫೋನ್‌ನ ಕಡೆಯಿಂದ ಕೆಲಸ ಶುರು ಮಾಡಿದರು.

ನಾಟಕದ ಮೈಕ್ ಸೆಟ್ ನೆನಪಿಸಿಕೊಳ್ಳಿ. ಪಾತ್ರಧಾರಿ ಒಮ್ಮೆ ಪಿಸುಗುಟ್ಟಿ ಒಮ್ಮೆ ಕಿರುಚಿದರೆ, ಕಿರುಚಿದಾಗ ಸ್ಪೀಕರ್ ಒಡಕು ದನಿ ಮಾಡುತ್ತದೆ. ಅದಕ್ಕೆ ಮೈಕ್‌ನವನು ವಾಲ್ಯೂಮ್ ತಗ್ಗಿಸಿಯೇ ಇಟ್ಟಿರ್ತಾನೆ. ಅದೇ ಗವಾಯಿಗಳು ಒಂದೇ ಮಟ್ಟದಲ್ಲಿ ಶ್ರುತಿ ಹಿಡಿದು ನಿಂತರೆ ವಾಲ್ಯೂಮ್ ಕೊನೆವರೆಗೂ ತಿರುಗಿಸಬಹುದು. ಫೋನ್‌ನೊಳಗಿನ ಆಂಪ್ಲಿಫೈಯರ್ ಕೂಡ ಹೀಗೇ. ಸಿಗ್ನಲ್‌ನಲ್ಲಿ ಏರಿಳಿತ ಜಾಸ್ತಿ ಇದ್ದರೆ ಶಕ್ತಿ ತಗ್ಗಿಸಬೇಕು. ಏರಿಳಿತ ಕಡಿಮೆ ಇರುವಂತೆ ಸಿಗ್ನಲ್‌ಗೆ ರೂಪ ಕೊಟ್ಟರೆ ಪೂರ್ತಿ ಶಕ್ತಿ ಬಳಸಬಹುದು. ಈ ತಂಡಗಳು ಮಾಡಿದ್ದು ಅಂಥ ರೂಪ. ಇದರಿಂದ ಫೋನ್‌ನ ದನಿ ಎರಡು ಪಟ್ಟಿನವರೆಗೆ ಏರುತ್ತದೆ.

ಬರೀ ಎರಡೇ ಪಟ್ಟಾ ಅನ್ನಬೇಡಿ. ಎರಡು ಪಟ್ಟು ಶಕ್ತಿಗೆ ತಲುಪುವ ದೂರ ಸುಮಾರು ಶೇ 20ರಷ್ಟು ಹೆಚ್ಚಾಗುತ್ತದೆ. ದೂರ ಅಷ್ಟು ಹೆಚ್ಚಿದರೆ ಟವರ್ ಸುತ್ತಲಿನ ವಿಸ್ತೀರ್ಣ ಶೇ 40ಕ್ಕೂ ಹೆಚ್ಚು ಬೆಳೆಯುತ್ತದೆ. ಹೊಸ ಟವರ್ ಹಾಕದೆ ಸಿಕ್ಕ ಲಾಭ ಅದು.

ಭಾರತದ ಈ ತಂತ್ರಜ್ಞಾನಕ್ಕೆ '5ಜಿಐ' ಅಂತ ಹೆಸರಿಟ್ಟರು. 2021ರಲ್ಲಿ ಐಟಿಯು ಅದನ್ನು ಮಾನ್ಯ ಮಾಡಿತು. ಆದರೆ ಭಾರತಕ್ಕೊಂದು, ಜಗತ್ತಿಗೊಂದು 5ಜಿ ಆದರೆ ಫೋನ್ ಬೆಲೆ ಏರುತ್ತದೆ ಅನ್ನೋ ಆಕ್ಷೇಪ ಬಂತು. ಅದರಲ್ಲಿ ಅರ್ಥವಿತ್ತು. ಕೊನೆಗೆ ಅದೇ ವರ್ಷಾಂತ್ಯದಲ್ಲಿ ರಾಜಿಯಾಗಿ, ಭಾರತದ ಮುಖ್ಯ ಅಂಶಗಳು ಜಗತ್ತಿನ 5ಜಿ ಮಾನಕದ 17ನೇ ಆವೃತ್ತಿಯೊಳಗೆ ಸೇರಿಕೊಂಡವು.

ಊರಿಗೆ ಬರೋದು ಯಾವಾಗ?

ಮಾನಕದಲ್ಲಿ ಬರೆದ ಮಾತ್ರಕ್ಕೆ ಊರಿಗೆ ಬಂದಂತಲ್ಲ. ಮೂರು ಕಡೆ ಕೆಲಸ ಆಗಬೇಕು. ಫೋನ್‌ನ ಚಿಪ್‌ನಲ್ಲಿ ಆ ಸೌಲಭ್ಯ ಇರಬೇಕು. ಟವರ್‌ನ ಸಾಫ್ಟ್‌ವೇರ್‌ನಲ್ಲಿ ಕಂಪನಿ ಅದನ್ನು ಆನ್ ಮಾಡಬೇಕು. 700ರಂಥ ಉದ್ದ ತರಂಗವನ್ನು ಹಳ್ಳಿ ಟವರ್‌ಗೂ ಹಾಕಬೇಕು. ಮೂರರಲ್ಲಿ ಒಂದು ತಪ್ಪಿದರೂ ಪರದೆ ಮೇಲೆ 5ಜಿ ಅಂತ ಬರೀ ಅಕ್ಷರ ಉಳಿಯುತ್ತದೆ.

ದೇಶಿ ಯಂತ್ರಗಳೂ ಈಗ ಟವರ್ ಏರಿವೆ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ಉದ್ಘಾಟಿಸಲಾಯಿತು. ಅದರ ರೇಡಿಯೊ ಉಪಕರಣ ಮಾಡಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಕೋರ್ ಭಾಗ ಸಿ-ಡಾಟ್‌ನದ್ದು. ಯಂತ್ರ ನಮ್ಮದೇ ಆದಾಗ ನಮ್ಮ ಹಳ್ಳಿಗೆ ತಕ್ಕಂತೆ ಬದಲಿಸಿ ಅಂತ ಕೇಳೋಕೆ ದಾರಿ ಇರುತ್ತದೆ.

ಇನ್ನು ಕರೆಂಟ್ ಹೋದಾಗ ಟವರ್ ಬ್ಯಾಟರಿ ಕೈಕೊಟ್ಟರೆ, ರಸ್ತೆ ಅಗೆಯುವಾಗ ಕೇಬಲ್ ತುಂಡಾದರೆ ಯಾವ ಸಂಶೋಧನೆಯೂ ಉಪಯೋಗಕ್ಕೆ ಬರಲ್ಲ. ಅದು ನಿರ್ವಹಣೆಯ ಮಾತು.

ಅಲ್ಲಿವರೆಗೆ ಹೀಗೆ ಮಾಡಿ

ಫೋಟೊ ಹೋಗದಿದ್ದರೆ ಕಡ್ಡಿ ನೋಡುತ್ತಾ ಕೂರಬೇಡಿ. ತಗಡಿನ ಶೆಡ್ಡು, ದಪ್ಪ ಗೋಡೆಯ ಮಾಳಿಗೆ ಮನೆಯಿಂದ ಹೊರಗೆ ಬನ್ನಿ. ಬದುವಿನ ಮೇಲೆ ಅಥವಾ ಎತ್ತರದ ಜಾಗದಲ್ಲಿ ನಿಂತು ಕಳಿಸಿ. 5ಜಿ ಬಂದು ಬಂದು ಹೋಗ್ತಿದ್ದರೆ ಸೆಟ್ಟಿಂಗ್‌ನಲ್ಲಿ 4ಜಿಗೆ ಇಳಿಸಿ ನೋಡಿ. ಬಹಳ ಸಲ 4ಜಿ ಉದ್ದ ತರಂಗದಲ್ಲಿರುವುದರಿಂದ ಕೆಲಸ ಆಗುತ್ತದೆ.

ಫೋನ್‌ನ ಸಿಮ್ ಸ್ಟೇಟಸ್‌ನಲ್ಲಿ ಸಿಗ್ನಲ್ ಬಲ ಮೈನಸ್ ಅಂಕಿಯಲ್ಲಿ ಇರುತ್ತದೆ. 4ಜಿಯಲ್ಲಿ ಮೈನಸ್ 90 ಆಸುಪಾಸು ಇದ್ದರೆ ಚಲೋ. ಮೈನಸ್ 110 ದಾಟಿದರೆ ಕಳಿಸೋದು ಕಷ್ಟ.

ದೂರು ಕೊಡುವಾಗಲೂ 'ನೆಟ್‌ವರ್ಕ್ ಇಲ್ಲ' ಅಂತ ಬರೆದರೆ, ನಕ್ಷೆಯಲ್ಲಿ ನಿಮ್ಮೂರಿಗೆ ಸಿಗ್ನಲ್ ಇದೆ ಅನ್ನೋ ಉತ್ತರ ಬರುತ್ತದೆ. ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಲ್ಲಿ ಡೌನ್‌ಲೋಡ್, ಅಪ್‌ಲೋಡ್ ಎರಡೂ ಬೇರೆ ಬೇರೆ ಅಳೆಯಬಹುದು. ನಿಮ್ಮ ಊರಿನ ಟವರ್‌ಗಳು ಎಲ್ಲಿವೆ ಅನ್ನೋದು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಹೊಲದಲ್ಲಿ, ಶಾಲೆಯಲ್ಲಿ, ರೇಷನ್ ಅಂಗಡಿ ಮುಂದೆ, ಬೆಳಿಗ್ಗೆ ಮತ್ತು ಸಂಜೆ ಅಳೆದು, ಅಪ್‌ಲೋಡ್ ಅಂಕಿಯನ್ನು ದಿನಾಂಕ ಸಮೇತ ಬರೆದಿಡಿ. ಗ್ರಾಮಸಭೆ ಠರಾವಿನಲ್ಲಿ, ಕಂಪನಿಗೆ ಬರೆಯುವ ಅರ್ಜಿಯಲ್ಲಿ ಆ ಅಂಕಿಯೇ ಮೊದಲ ಸಾಲಾಗಿರಲಿ.